ಸಿ-ಎ-ಟಿ ಕ್ಯಾಟ್: ಓದುವುದೋ, ಒಪ್ಪಿಸುವುದೋ?



“ನನಗೆ ಇಂಗ್ಲಿಷ್ ಬರುವುದಿಲ್ಲ, ಮಗುವಿಗೆ ನಾನೇನು ಹೇಳಿಕೊಡಲಿ?” ಎಂಬ ಮಾತು ನಮ್ಮ ಮನೆಗಳಲ್ಲಿ ಎಷ್ಟು ಸಾಮಾನ್ಯವೆಂದರೆ, ಅದು ನಿಜವೇ ಎಂದು ಯಾರೂ ಕೇಳುವುದಿಲ್ಲ. ಒಮ್ಮೆ ನಿಮ್ಮ ಅಡುಗೆಮನೆಯತ್ತ ಕಣ್ಣು ಹಾಯಿಸಿ. ಪ್ಯಾನ್, ಕಪ್, ಜಗ್, ಮಗ್, ಟಿನ್, ಗ್ಯಾಸ್. ಕೋಣೆಗೆ ಬಂದರೆ ಬೆಡ್, ಫ್ಯಾನ್, ಮ್ಯಾಟ್, ಬ್ಯಾಗ್, ಪೆನ್. ಅಂಗಡಿಯಿಂದ ತರಿಸುವುದು ಬನ್ ಮತ್ತು ಜ್ಯಾಮ್, ತವರಿಗೆ ಹೋಗುವುದು ಬಸ್‌ನಲ್ಲಿ. ಇವೆಲ್ಲವೂ ಇಂಗ್ಲಿಷ್ ಪದಗಳೇ. ಅಷ್ಟೇ ಅಲ್ಲ, ಇವೆಲ್ಲವೂ ಮೂರೇ ಅಕ್ಷರದ ಪದಗಳು. ಎರಡು ವ್ಯಂಜನಗಳ ನಡುವೆ ಒಂದು ಹ್ರಸ್ವ ಸ್ವರ. ಇಂಗ್ಲಿಷ್ ಓದಲು ಕಲಿಸುವ ಪುಸ್ತಕಗಳ ಮೊದಲ ಪಾಠಗಳಲ್ಲಿ ಇರುವುದು ಇದೇ ಜಾತಿಯ ಪದಗಳು. ಆದ್ದರಿಂದ ಮೊದಲ ಪಾಠದ ಮಟ್ಟಿಗೆ ನಿಮಗೆ ಇಂಗ್ಲಿಷ್ ಬರುವುದಿಲ್ಲ ಎಂದು ನಾನು ಒಪ್ಪುವುದಿಲ್ಲ.

ಈಗ ನಿಮ್ಮ ಮಗುವನ್ನು ಕರೆಯಿರಿ. ಒಂದನೆಯ ತರಗತಿಯಲ್ಲೋ ಎರಡನೆಯದರಲ್ಲೋ ಇರುವ ಮಗು “ಸಿ-ಎ-ಟಿ ಕ್ಯಾಟ್, ಕ್ಯಾಟ್ ಅಂದರೆ ಬೆಕ್ಕು, ಬಿ-ಎ-ಟಿ ಬ್ಯಾಟ್, ಬ್ಯಾಟ್ ಅಂದರೆ ಬಾವಲಿ” ಎಂದು ಉಸಿರು ಬಿಡದೆ ಹೇಳುತ್ತದೆ. ಕೇಳಲು ಸೊಗಸು. ಇನ್ನು ಒಂದು ಕಾಗದದಲ್ಲಿ ಅದರ ಪುಸ್ತಕದಲ್ಲಿ ಇಲ್ಲದ ಪದವೊಂದನ್ನು ಬರೆದು ತೋರಿಸಿ. ಪಾತ್ರೆ ತೊಳೆಯುವ ಸಾಬೂನಿನ ಹೆಸರು ‘ವಿಮ್’ ಇದೆಯಲ್ಲ, ಅದನ್ನೇ ಬರೆಯಿರಿ. ಪ್ಯಾಕೆಟನ್ನು ತೋರಿಸಬೇಡಿ, ಬಣ್ಣ ನೋಡಿ ಹೇಳಿಬಿಡುತ್ತದೆ. ಬಿಳಿ ಕಾಗದದಲ್ಲಿ, ಸಣ್ಣ ಅಕ್ಷರಗಳಲ್ಲಿ ಬರೆಯಿರಿ. ಮಗು ಕಾಗದವನ್ನು ನೋಡುತ್ತದೆಯೋ, ನಿಮ್ಮ ಮುಖವನ್ನು ನೋಡುತ್ತದೆಯೋ ಗಮನಿಸಿ. ಮುಖ ನೋಡಿದರೆ, ಇಷ್ಟು ದಿನ ಅದು ಒಪ್ಪಿಸುತ್ತಿತ್ತೇ ಹೊರತು ಓದುತ್ತಿರಲಿಲ್ಲ ಎಂದು ತಿಳಿಯಿರಿ.

ಇದರಲ್ಲಿ ಮಗುವಿನ ತಪ್ಪೇನೂ ಇಲ್ಲ. ಸಿ, ಎ, ಟಿ ಎಂಬ ಮೂರನ್ನು ಎಷ್ಟು ವೇಗವಾಗಿ ಹೇಳಿದರೂ “ಸಿಎಟಿ” ಆಗುತ್ತದೆಯೇ ವಿನಾ “ಕ್ಯಾಟ್” ಆಗುವುದಿಲ್ಲ. ಕನ್ನಡದಲ್ಲಿ ‘ಕ’ದ ಹೆಸರೂ ಕ, ಧ್ವನಿಯೂ ಕ. ಇಂಗ್ಲಿಷ್ ಅಕ್ಷರಕ್ಕೆ ಹೆಸರು ಬೇರೆ, ಧ್ವನಿ ಬೇರೆ. ಶಾಲೆಯಲ್ಲಿ ಹೆಸರನ್ನು ಮಾತ್ರ ಕಲಿತ ಮಗು ಧ್ವನಿಯನ್ನು ಎಲ್ಲಿಂದ ತರಬೇಕು? ಹಾಗಾಗಿ ಇಡೀ ಪದವನ್ನೇ ಕಂಠಪಾಠ ಮಾಡಿಕೊಳ್ಳುತ್ತದೆ. ಐವತ್ತು ಪದ, ನೂರು ಪದ ಹೀಗೆ ನಡೆಯುತ್ತದೆ. ಮೂರನೆಯ ತರಗತಿಗೆ ಬಂದಾಗ ಪರಿಸರ ಅಧ್ಯಯನವೂ ಗಣಿತದ ಲೆಕ್ಕಗಳೂ ಉದ್ದುದ್ದ ವಾಕ್ಯಗಳಲ್ಲಿ ಮೇಲೆ ಬೀಳುತ್ತವೆ. ಲೆಕ್ಕ ಗೊತ್ತಿರುವ ಮಗು ಲೆಕ್ಕವನ್ನು ಓದಲಾಗದೆ ಸೋಲುತ್ತದೆ. ಮನೆಯವರು “ಇವನಿಗೆ ತಲೆಯೇ ಇಲ್ಲ” ಎನ್ನುತ್ತಾರೆ.

ಇದು ಒಂದೆರಡು ಮನೆಗಳ ಕಥೆಯಲ್ಲ. ಗ್ರಾಮೀಣ ಭಾರತದ ಮಕ್ಕಳ ಕಲಿಕೆಯ ಬಗ್ಗೆ ನಡೆಯುವ ‘ಅಸರ್’ ಸಮೀಕ್ಷೆಯ 2022ರ ವರದಿಯ ಪ್ರಕಾರ ಐದನೆಯ ತರಗತಿಯ ಮಕ್ಕಳಲ್ಲಿ ಇಂಗ್ಲಿಷಿನ ಸರಳ ವಾಕ್ಯವನ್ನು ಓದಬಲ್ಲವರು ಶೇಕಡಾ 24.5. ಆರು ವರ್ಷ ಹಿಂದೆ, 2016ರಲ್ಲಿ, ಇದು ಶೇಕಡಾ 24.7 ಇತ್ತು. ಅಂದರೆ ನಾಲ್ವರಲ್ಲಿ ಒಬ್ಬರು. ಇತ್ತ ನಮ್ಮ ರಾಜ್ಯದಲ್ಲಿ 2019-20ರಲ್ಲಿ 1,000 ಸರಕಾರಿ ಶಾಲೆಗಳಲ್ಲಿಯೇ ಇಂಗ್ಲಿಷ್ ಮಾಧ್ಯಮದ ತರಗತಿಗಳು ಆರಂಭವಾದವು. ಮಾಧ್ಯಮ ಬದಲಾಯಿತು. ಮನೆಯ ಭಾಷೆ ಬ್ಯಾರಿಯೋ ಉರ್ದುವೋ ನವಾಯಿತಿಯೋ ಕನ್ನಡವೋ ಆಗಿಯೇ ಉಳಿಯಿತು. ಈ ಎರಡರ ನಡುವಿನ ಸೇತುವೆಯನ್ನು ಯಾರು ಕಟ್ಟಬೇಕು? ಶಾಲೆ ಕಟ್ಟಬೇಕು, ನಿಜ. ಆದರೆ ಒಂದು ತರಗತಿಯಲ್ಲಿ ನಲವತ್ತು ಮಕ್ಕಳಿರುವ ಶಿಕ್ಷಕಿಗೆ ನಿಮ್ಮ ಮಗುವಿನ ಬಾಯಿಗೆ ಕಿವಿಗೊಡಲು ದಿನಕ್ಕೆ ಒಂದು ನಿಮಿಷವೂ ಸಿಗುವುದಿಲ್ಲ. ನಿಮಗೆ ಹತ್ತು ನಿಮಿಷ ಸಿಗುತ್ತದೆ.

ನಿಮ್ಮ ಮಗುವಿಗೆ ಈ ವಿದ್ಯೆ ಹೊಸದೇನಲ್ಲ ಎಂಬುದನ್ನೂ ನೆನಪಿಸುತ್ತೇನೆ. ಬೆಳಿಗ್ಗೆ ಮದ್ರಸದಲ್ಲಿ ಕಾಯಿದಾ ತೆರೆದು ಅದು ಮಾಡುತ್ತಿರುವುದು ಏನು? “ಮೀಮ್ ನೂನ್ ಝೇರ್ ಮಿನ್, ಹಾ ಲಾಮ್ ಝಬರ್ ಹಲ್, ಕಾಫ್ ಮೀಮ್ ಝಬರ್ ಕಮ್.” ಮಿನ್, ಹಲ್, ಕಮ್ - ಒಂದು ವ್ಯಂಜನ, ಒಂದು ಹ್ರಸ್ವ ಸ್ವರ, ಕೊನೆಯಲ್ಲಿ ಸುಕೂನ್ ಇರುವ ಇನ್ನೊಂದು ವ್ಯಂಜನ. ಟಿನ್, ಬೆಡ್, ಕಪ್‌ಗಳ ರಚನೆಯೂ ಇದೇ. ಝಬರ್, ಝೇರ್, ಪೇಶ್ ಎನ್ನಿ. ಫತ್‌ಹ, ಕಸ್ರ, ದಮ್ಮ ಎನ್ನಿ. ಹ್ರಸ್ವ ಸ್ವರವನ್ನು ವ್ಯಂಜನದೊಂದಿಗೆ ಬೆಸೆಯುವುದನ್ನು ಮಗು ಆಗಲೇ ಕಲಿತಿದೆ. ಹಿಜ್ಜೆ ಮಾಡುತ್ತಾ ಮಾಡುತ್ತಾ ಒಂದು ದಿನ ಹಿಜ್ಜೆ ಬಿಟ್ಟು ಸರಾಗವಾಗಿ ಓದತೊಡಗುವುದನ್ನೂ ನೀವು ಕಂಡಿದ್ದೀರಿ. ವ್ಯತ್ಯಾಸ ಇಷ್ಟೇ. ಕಾಯಿದಾದಲ್ಲಿ ಸ್ವರಕ್ಕೆ ಒಂದೊಂದು ಗುರುತು ಇದೆ, ಆ ಗುರುತಿಗೆ ಒಂದೇ ಧ್ವನಿ. ಇಂಗ್ಲಿಷಿನ ಐದು ಸ್ವರಾಕ್ಷರಗಳು ಜಾಗ ನೋಡಿ ಧ್ವನಿ ಬದಲಿಸುತ್ತವೆ. ಅದಕ್ಕಾಗಿಯೇ ಅವುಗಳನ್ನು ಒಂಟಿಯಾಗಿ ಕಲಿಸದೆ ‘ಪದ ಕುಟುಂಬ’ಗಳಾಗಿ ಕಲಿಸುತ್ತಾರೆ.

ಕುಟುಂಬಕ್ಕೆ ಬರುವ ಮೊದಲು ಸ್ವರಗಳ ತಂಟೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಮ್ಮ ಮಕ್ಕಳ ಹೆಚ್ಚಿನ ತಪ್ಪುಗಳ ಬೇರು ಇಲ್ಲಿಯೇ ಇದೆ. ಐದು ಸ್ವರಾಕ್ಷರಗಳ ಹೆಸರು ಎ, ಇ, ಐ, ಓ, ಯು. ಆದರೆ ಮೂರಕ್ಷರದ ಪದದ ನಡುವೆ ಕುಳಿತಾಗ ‘ಎ’ ಎಂಬ ಹೆಸರಿನ ಅಕ್ಷರ ‘ಆ್ಯ’ ಎನ್ನುತ್ತದೆ, ಬ್ಯಾಗ್‌ನಲ್ಲಿರುವಂತೆ. ‘ಇ’ ಎಂಬ ಹೆಸರಿನದು ‘ಎ’ ಎನ್ನುತ್ತದೆ, ಬೆಡ್‌ನಲ್ಲಿರುವಂತೆ. ‘ಐ’ ಎಂಬ ಹೆಸರಿನದು ‘ಇ’ ಎನ್ನುತ್ತದೆ, ಟಿನ್‌ನಲ್ಲಿರುವಂತೆ. ‘ಯು’ ಎಂಬುದು ಕಪ್‌ನಲ್ಲಿ ನಮ್ಮ ‘ಅ’ದಂತೆ ಕೇಳಿಸುತ್ತದೆ. ‘ಓ’ ಮಾತ್ರ ಪಾಟ್, ಹಾಟ್ ಎನ್ನುವಾಗ ತುಟಿ ದುಂಡಗೆ ಮಾಡಿ ಗಿಡ್ಡವಾಗಿ ಹೇಳುವ, ಆ ಮತ್ತು ಒ ನಡುವಿನ ಧ್ವನಿ. ಗಮನಿಸಿದಿರಾ? ಒಂದರ ಹೆಸರೇ ಇನ್ನೊಂದರ ಧ್ವನಿ!

ಈಗ ಮಗುವಿನ ನೋಟ್ ಪುಸ್ತಕ ತೆರೆದು ನೋಡಿ. ‘ಪೆನ್’ ಎಂದು ಹೇಳಿ ಬರೆಸಿದರೆ ಅದು ಪಿ-ಎ-ಎನ್ ಎಂದು ಬರೆಯುತ್ತದೆ. ‘ಪೆ’ಯಲ್ಲಿ ‘ಎ’ ಕೇಳಿಸಿತು, ‘ಎ’ ಎಂಬ ಹೆಸರಿನ ಅಕ್ಷರ ಬರೆಯಿತು. ‘ಪಿನ್’ ಎಂದರೆ ಪಿ-ಇ-ಎನ್ ಎಂದು ಬರೆಯುತ್ತದೆ. ‘ಕಪ್’ ಎಂದರೆ ಕೆ-ಎ-ಪಿ. ಅದಕ್ಕೂ ಕಾರಣ ಇದೆ. ಅಹ್ಮದ್, ಸಲ್ಮಾ, ಸನಾ ಎಂದು ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವಾಗ ‘ಅ’ ಬಂದಲ್ಲೆಲ್ಲ ನಾವು ‘ಎ’ ಅಕ್ಷರವನ್ನೇ ಹಾಕುತ್ತೇವೆ. ತನ್ನ ಹೆಸರಿನಿಂದಲೇ ಕಲಿತದ್ದನ್ನು ಮಗು ಕಪ್‌ಗೂ ಹಚ್ಚಿತು. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಹಾಕಿಸಿಕೊಂಡು ಬರುವ ಈ ತಪ್ಪುಗಳು ಬುದ್ಧಿಯಿಲ್ಲದ ತಪ್ಪುಗಳಲ್ಲ, ಬುದ್ಧಿ ಉಪಯೋಗಿಸಿದ್ದರಿಂದ ಆದ ತಪ್ಪುಗಳು. ಬೈಯುವ ಮೊದಲು ಇದೊಂದು ನೆನಪಿರಲಿ.

ಗೋಡೆಯಲ್ಲಿ ತೂಗುವ ಅಕ್ಷರಮಾಲೆಯ ಚಾರ್ಟನ್ನೂ ಒಮ್ಮೆ ಪರೀಕ್ಷಿಸಿ. ‘ಎ’ಗೆ ಆ್ಯಪಲ್ ಸರಿ. ‘ಇ’ಗೆ ಎಲಿಫೆಂಟ್, ‘ಓ’ಗೆ ಆರೆಂಜ್, ‘ಯು’ಗೆ ಅಂಬ್ರೆಲಾ ಸರಿ. ‘ಐ’ಗೆ ಐಸ್‌ಕ್ರೀಮ್ ಎಂದಿದ್ದರೆ ಅದು ಹೆಸರನ್ನು ಕಲಿಸುತ್ತದೆ, ಹ್ರಸ್ವ ಧ್ವನಿಯನ್ನು ಕಲಿಸುವುದಿಲ್ಲ, ಅದರ ಮೇಲೆ ಒಂದು ಚೀಟಿ ಅಂಟಿಸಿ ಇಂಕ್ ಬಾಟಲಿಯ ಚಿತ್ರ ಬರೆಯಿರಿ. ‘ಓ’ಗೆ ಗೂಬೆ, ‘ಯು’ಗೆ ಯೂನಿಫಾರ್ಮ್ ಇರುವ ಚಾರ್ಟುಗಳೂ ಇವೆ. ಅವುಗಳಿಗೂ ಇದೇ ಚಿಕಿತ್ಸೆ.

ವ್ಯಂಜನಗಳಲ್ಲಿ ತೊಂದರೆ ಒಂದೇ. ಕನ್ನಡದ ಬಾಯಿಗೆ ಪದದ ಕೊನೆಯಲ್ಲಿ ಸ್ವರ ಬೇಕು. ಬಸ್ ನಮಗೆ ಬಸ್ಸು, ಪೆನ್ ಪೆನ್ನು, ಕಪ್ ಕಪ್ಪು. ಮಾತಿನಲ್ಲಿ ಹಾಗೆಯೇ ಇರಲಿ, ಅದು ನಮ್ಮ ಭಾಷೆಯ ಸ್ವಭಾವ. ಆದರೆ ಓದಿಸುವಾಗ ‘ಬ-ಆ್ಯ-ಟು’ ಎಂದರೆ ಮಗುವಿಗೆ ಬ್ಯಾಟ್ ಸಿಗುವುದಿಲ್ಲ. ಬ್, ಟ್, ಕ್ ಎಂದು ತುಂಡಾಗಿ, ಸುಕೂನ್ ಹಾಕಿದಂತೆ ಹೇಳಿ.

ಇನ್ನು ಕುಟುಂಬದ ವಿಷಯ. ಎ ಮತ್ತು ಟಿ ಸೇರಿದರೆ ‘ಆ್ಯಟ್’. ಇದು ಮನೆತನದ ಹೆಸರು ಎಂದುಕೊಳ್ಳಿ. ಅದರ ಮುಂದೆ ಯಾವ ಅಕ್ಷರ ಬಂದು ನಿಂತರೂ ಮನೆತನ ಬದಲಾಗುವುದಿಲ್ಲ: ಮ್ಯಾಟ್, ಸ್ಯಾಟ್, ಫ್ಯಾಟ್, ಹ್ಯಾಟ್, ಬ್ಯಾಟ್, ಕ್ಯಾಟ್. ಒಂದು ಬಾಲವನ್ನು ಗುರುತಿಸಲು ಕಲಿತರೆ ಆರೇಳು ಪದಗಳು ಕೈಗೆ ಬಂದವು. ಅಮೆರಿಕದ ವೈಲಿ ಮತ್ತು ಡ್ಯುರೆಲ್ ಎಂಬಿಬ್ಬರು 1970ರಲ್ಲಿ ತೋರಿಸಿಕೊಟ್ಟಂತೆ ಇಂತಹ 37 ಬಾಲಗಳು ಗೊತ್ತಿದ್ದರೆ ಪ್ರಾಥಮಿಕ ತರಗತಿಗಳ ಹತ್ತಿರ ಹತ್ತಿರ 500 ಪದಗಳನ್ನು ಓದಬಹುದು. ಅವುಗಳಲ್ಲಿ ಹ್ರಸ್ವ ಸ್ವರದವೇ ಬಹಳ. ಬಾಯಿಪಾಠದ 500 ಎಲ್ಲಿ, ಗುರುತಿಟ್ಟುಕೊಳ್ಳಬೇಕಾದ 37 ಎಲ್ಲಿ!

ಪ್ರಾಸದ ಕಿವಿ ಓದಿಗೆ ದಾರಿ ಮಾಡುತ್ತದೆ ಎಂಬುದು ಸುಮ್ಮನೆ ಹೇಳುವ ಮಾತಲ್ಲ. ನಾಲ್ಕೈದು ವರ್ಷದ ಮಕ್ಕಳಲ್ಲಿ ಪ್ರಾಸ ಗುರುತಿಸುವ ಶಕ್ತಿಗೂ ಮುಂದೆ ಅವರು ಓದಲು ಕಲಿಯುವುದಕ್ಕೂ ಸಂಬಂಧ ಇದೆಯೆಂದು ಇಂಗ್ಲೆಂಡಿನ ಬ್ರ್ಯಾಡ್ಲಿ ಮತ್ತು ಬ್ರಯಂಟ್ 1983ರಲ್ಲಿ ಪ್ರಕಟಿಸಿದರು. ಇಡೀ ಪದವನ್ನು ಚಿತ್ರದಂತೆ ನೆನಪಿಡಿಸುವ ಪದ್ಧತಿ ಅಮೆರಿಕದಲ್ಲಿಯೂ ಇತ್ತು. ಅದನ್ನು ಕಟುವಾಗಿ ಟೀಕಿಸಿ ರುಡಾಲ್ಫ್ ಫ್ಲೆಶ್ 1955ರಲ್ಲಿ ಪುಸ್ತಕ ಬರೆದರು. ಎರಡು ವರ್ಷದ ಬಳಿಕ ಬಂದ ಡಾಕ್ಟರ್ ಸೂಸ್ ಅವರ ‘ದ ಕ್ಯಾಟ್ ಇನ್ ದ ಹ್ಯಾಟ್’ ಎಂಬ ಮಕ್ಕಳ ಪುಸ್ತಕದಲ್ಲಿ ಇರುವುದು ಕೇವಲ 236 ಬೇರೆ ಬೇರೆ ಪದಗಳು. ಹೆಸರಿನಲ್ಲೇ ಒಂದೇ ಕುಟುಂಬದ ಇಬ್ಬರು ಇದ್ದಾರೆ ನೋಡಿ.

ಮನೆಯಲ್ಲಿ ಮಾಡುವ ಬಗೆ ಹೀಗೆ. ಮೊದಲ ವಾರ ಪುಸ್ತಕವೂ ಬೇಡ, ಪೆನ್ಸಿಲೂ ಬೇಡ. ಬಟ್ಟೆ ಮಡಚುತ್ತಾ, ಬೆಳ್ಳುಳ್ಳಿ ಸುಲಿಯುತ್ತಾ ಬಾಯಲ್ಲೇ ಆಟ. “ಮಗ್‌ಗೆ ಜೋಡಿ ಯಾವುದು ಹೇಳು? ಜಗ್. ಬನ್‌ಗೆ? ಸನ್. ಬೆಡ್‌ಗೆ? ರೆಡ್.” ಹಲ್ಲು-ಕಲ್ಲು, ಅಕ್ಕ-ಪಕ್ಕ ಎಂದು ಪ್ರಾಸ ಕಟ್ಟಿ ಆಡುವ ಮಕ್ಕಳಿಗೆ ಇದು ಕಷ್ಟವಲ್ಲ. ಚಿಕ್ಕ ತಂಗಿಯೂ ಸೇರಿಕೊಳ್ಳಲಿ, ಅವಳು ಕೇಳಿಸಿಕೊಂಡದ್ದು ವ್ಯರ್ಥವಾಗುವುದಿಲ್ಲ.

ಆಮೇಲೆ ಕಾರ್ಡುಗಳು. ನಮ್ಮ ಮನೆಗಳಲ್ಲಿ ಮದುವೆ ಆಮಂತ್ರಣ ಪತ್ರಗಳಿಗೆ ಬರವಿಲ್ಲ. ದಪ್ಪ ಕಾಗದ, ಹಿಂಬದಿ ಖಾಲಿ. ಒಂದು ದೊಡ್ಡ ತುಂಡಿನಲ್ಲಿ ‘ಎ-ಟಿ’ ಬಾಲವನ್ನು ಬರೆಯಿರಿ. ಚಿಕ್ಕ ತುಂಡುಗಳಲ್ಲಿ ಎಂ, ಎಸ್, ಎಫ್, ಆರ್, ಎಚ್, ಬಿ, ಸಿ. ಎಲ್ಲವೂ ಸಣ್ಣ ಅಕ್ಷರಗಳಲ್ಲಿರಲಿ. ದೊಡ್ಡ ಅಕ್ಷರಗಳನ್ನು ವರ್ಷವಿಡೀ ತಿದ್ದಿಸುವ ಶಾಲೆಗಳಿವೆ, ಆದರೆ ಪುಸ್ತಕದ ಪುಟದಲ್ಲಿ ತುಂಬಿರುವುದು ಸಣ್ಣವೇ. ಮೊದಲು ಎಂ ಮತ್ತು ಎಸ್ ಇಡಿ, ಏಕೆಂದರೆ ಮ್ಮ್ಮ್, ಸ್ಸ್ಸ್ ಎಂದು ಎಳೆಯುತ್ತಾ ಬಾಲಕ್ಕೆ ಜೋಡಿಸಬಹುದು. ಬ್, ಕ್‌ಗಳನ್ನು ಎಳೆಯಲಾಗುವುದಿಲ್ಲ, ಅವು ಆಮೇಲೆ ಬರಲಿ. ಸಾಮಾನ್ಯವಾಗಿ ಎಲ್ಲರೂ ‘ಎ’ ಅಕ್ಷರದ ಕುಟುಂಬಗಳಿಂದಲೇ ಆರಂಭಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಮಕ್ಕಳಿಗೆ ಪಿನ್, ಟಿನ್, ವಿನ್ ಎಂಬ ‘ಐ’ ಕುಟುಂಬ ಹೆಚ್ಚು ಸುಲಭ, ಏಕೆಂದರೆ ಅದರ ಧ್ವನಿ ನಮ್ಮ ‘ಇ’ಯೇ. ‘ಆ್ಯ’ ಧ್ವನಿಗೆ ಕನ್ನಡದಲ್ಲಿ ಸ್ವಂತ ಅಕ್ಷರವಿಲ್ಲ. ‘ಬ್ಯಾಡ’ ಎನ್ನುವ ಉತ್ತರ ಕರ್ನಾಟಕದ ಸಹೋದರಿಯರಿಗೆ ಅದರ ಅಭ್ಯಾಸವಿದೆ, ಉಳಿದವರು ಬಾಯಿ ಸ್ವಲ್ಪ ಅಗಲಿಸಬೇಕು. ಆದರೂ ಶಾಲೆಯಲ್ಲಿ ಬ್ಯಾಟ್-ಕ್ಯಾಟ್ ನಡೆಯುತ್ತಿದ್ದರೆ ನೀವೂ ಅಲ್ಲಿಂದಲೇ ತೊಡಗಿ, ಮಗುವಿಗೆ ಎರಡು ದೋಣಿಯ ಪ್ರಯಾಣ ಬೇಡ.

ಇಲ್ಲಿ ಒಂದು ಎಚ್ಚರಿಕೆ. ಆ್ಯಟ್ ಕುಟುಂಬದ ಪಟ್ಟಿಯನ್ನೇ ಮೇಲಿಂದ ಕೆಳಗೆ ನಾಲ್ಕು ದಿನ ಓದಿಸಿದರೆ ಅದೂ ಒಂದು ಹೊಸ ಬಾಯಿಪಾಠವಾಗುತ್ತದೆ. ಮಗು ಮೊದಲ ಅಕ್ಷರವನ್ನು ಮಾತ್ರ ನೋಡಿ ಉಳಿದದ್ದನ್ನು ರಾಗವಾಗಿ ಹೇಳಿಬಿಡುತ್ತದೆ. ಆದ್ದರಿಂದ ಎರಡು ಕುಟುಂಬ ಬಂದೊಡನೆ ಬೆರೆಸಿ. ಮುಂದೆ ಕೊನೆಯ ಅಕ್ಷರ ಬದಲಿಸಿ: ಕ್ಯಾಟ್, ಕ್ಯಾಪ್, ಕ್ಯಾನ್. ಕಟ್ಟಕಡೆಗೆ ನಡುವಿನ ಸ್ವರ ಬದಲಿಸಿ. ನಿಜವಾದ ಪರೀಕ್ಷೆ ಇದೇ. ಬಿ ಮತ್ತು ಜಿ ನಡುವೆ ಐದು ಸ್ವರಗಳನ್ನೂ ಒಂದೊಂದಾಗಿ ಇಟ್ಟು ನೋಡಿ: ಬ್ಯಾಗ್, ಬೆಗ್, ಬಿಗ್, ಬಾಗ್, ಬಗ್. ಚೀಲ, ಬೇಡು, ದೊಡ್ಡದು, ಜೌಗು ನೆಲ, ಹುಳು. ಐದಕ್ಕೂ ಅರ್ಥವಿದೆ. ಈ ಐದನ್ನು ಗಲಿಬಿಲಿಯಾಗಿ ಕೊಟ್ಟಾಗಲೂ ಓದಿದ ಮಗು ಓದಲು ಕಲಿತಿದೆ ಎಂದು ಧೈರ್ಯವಾಗಿ ಹೇಳಬಹುದು. ಅರ್ಥವನ್ನು ಜೊತೆಜೊತೆಗೇ ಹೇಳಿ. ಅರ್ಥ ತಿಳಿಯದೆ ಓದಿದ ಪದ ಬೇಗ ಮರೆತುಹೋಗುತ್ತದೆ.

ಬಿಗ್ ಎಂದಾಗ ‘ಪಿಗ್’ ಬರುತ್ತದೆ, ಕೆಲವು ತಾಯಂದಿರು ಆ ಕಾರ್ಡನ್ನು ಮೆಲ್ಲನೆ ತೆಗೆದಿಡುತ್ತಾರೆ. ಬೇಕಾಗಿಲ್ಲ. ಮಾಂಸ ನಿಷಿದ್ಧ, ಪದ ನಿಷಿದ್ಧವಲ್ಲ. ಅದನ್ನು ನಿಷೇಧಿಸಿದ ಕುರ್‌ಆನಿನ ವಚನಗಳಲ್ಲಿಯೇ ಆ ಪ್ರಾಣಿಯ ಹೆಸರಿದೆಯಲ್ಲ.

ಪುಟ್, ಸನ್, ವಾಸ್, ದ, ಸೆಡ್ ಮುಂತಾದವು ನಿಯಮಕ್ಕೆ ಬಗ್ಗದ ಪದಗಳು. ‘ಪಿ-ಯು-ಟಿ’ ಪುಟ್ ಆದರೆ ‘ಬಿ-ಯು-ಟಿ’ ಏಕೆ ಬಟ್ ಎಂದು ಮಗು ಕೇಳಿಯೇ ಕೇಳುತ್ತದೆ. ಮಗ ಎಂಬ ಅರ್ಥದ ‘ಸನ್’ನಲ್ಲಿ ‘ಓ’ ಅಕ್ಷರ ‘ಅ’ ಎನ್ನುತ್ತದೆ. ಇವುಗಳನ್ನು ಮಾತ್ರ ನೋಡಿ ನೆನಪಿಡಬೇಕು, ವಾರಕ್ಕೆ ಎರಡು ಸಾಕು. ಬ್ಯಾಟ್ ಜೊತೆ ಬಾಲ್ ಕಲಿಸುವ ಆಸೆಯನ್ನು ತಡೆಯಿರಿ. ಎರಡೂ ಬಿ-ಎ ಎಂದೇ ಆರಂಭವಾದರೂ ಬಾಲ್, ಕಾಲ್, ಟಾಲ್‌ಗಳದು ಬೇರೆ ಮನೆತನ.

ನನಗೆ ಪರಿಚಯದ ಸಹೋದರಿಯೊಬ್ಬರು ಕನ್ನಡ ಮಾಧ್ಯಮದಲ್ಲಿ ಏಳನೆಯ ತರಗತಿಯವರೆಗೆ ಓದಿದವರು. ಪತಿ ಗಲ್ಫ್‌ನಲ್ಲಿ. ಎರಡನೆಯ ತರಗತಿಯ ಮಗನನ್ನು ಟ್ಯೂಷನ್‌ಗೆ ಕಳಿಸುತ್ತಿದ್ದರು, ಅಲ್ಲಿಯೂ ನಡೆಯುತ್ತಿದ್ದುದು ಪ್ರಶ್ನೋತ್ತರಗಳ ಬಾಯಿಪಾಠವೇ. ಮಗ್‌ರಿಬ್ ನಂತರ ಕುರ್‌ಆನ್ ಓದಿಸಲು ಕೂರುವ ಚಾಪೆಯಲ್ಲೇ ಹತ್ತು ನಿಮಿಷ ಕಾರ್ಡುಗಳನ್ನು ಹರಡತೊಡಗಿದರು. “ಮೊದಲು ನಾನು ಕಲಿಯುತ್ತೇನೆ, ನಂತರ ಅವನಿಗೆ” ಎಂದು ನಗುತ್ತಿದ್ದರು. ಪವಾಡವೇನೂ ಆಗಲಿಲ್ಲ. ನಾಲ್ಕು ತಿಂಗಳ ಬಳಿಕ ಹೊಸದಾಗಿ ತಂದ ಕ್ಯಾಸರೋಲ್‌ನ ಪೆಟ್ಟಿಗೆಯ ಮೇಲಿದ್ದ ‘ಹಾಟ್ ಪಾಟ್’ ಎಂಬ ಎರಡು ಪದಗಳನ್ನು ಹುಡುಗ ಯಾರೂ ಹೇಳಿಕೊಡದೆ ಬೆರಳಿಟ್ಟು ಓದಿದ. ಉದ್ದದ ಪದಗಳಲ್ಲಿ ಈಗಲೂ ಎಡವುತ್ತಾನೆ. ಆದರೆ ಎಡವುವಾಗ ತಾಯಿಯ ಮುಖ ನೋಡುವುದಿಲ್ಲ, ಅಕ್ಷರಗಳನ್ನು ನೋಡುತ್ತಾನೆ. ಟ್ಯೂಷನ್ ನಿಲ್ಲಿಸಬೇಕೆಂದು ನಾನು ಹೇಳುತ್ತಿಲ್ಲ. ಆದರೆ ದುಡ್ಡು ಕೊಟ್ಟು ಬಾಯಿಪಾಠ ಮಾಡಿಸುವ ಮೊದಲು, ಅಲ್ಲಿ ಓದು ಕಲಿಸುತ್ತಾರೆಯೇ ಎಂದು ವಿಚಾರಿಸುವ ಹಕ್ಕು ನಿಮಗಿದೆ.

ಬಿ ಮತ್ತು ಡಿ ಅಕ್ಷರಗಳನ್ನು ತಿರುವು ಮುರುವು ಮಾಡುವುದು ಆರೇಳು ವರ್ಷದವರೆಗೆ ಸಾಮಾನ್ಯ, ಅದಕ್ಕೆ ಗಾಬರಿಯಾಗಬೇಡಿ. ಆದರೆ ಹಲವು ತಿಂಗಳು ದಿನವೂ ಕುಳಿತರೂ ಮೂರು ಧ್ವನಿಗಳನ್ನು ಬೆಸೆಯಲು ಆಗದಿದ್ದರೆ, ಪ್ರಾಸವೇ ಕಿವಿಗೆ ಹತ್ತದಿದ್ದರೆ, ಮೊದಲು ಕಿವಿ ಮತ್ತು ಕಣ್ಣಿನ ಪರೀಕ್ಷೆ ಮಾಡಿಸಿ, ಮಕ್ಕಳ ವೈದ್ಯರಲ್ಲಿ ಹೇಳಿ. ಡಿಸ್ಲೆಕ್ಸಿಯಾದಂತಹ ಕಲಿಕಾ ತೊಂದರೆಗಳು 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. ಅಂತಹ ಮಗುವಿಗೆ ಶಾಲೆಯಲ್ಲಿ ಸಹಾಯ ಕೇಳುವುದು ನಾಚಿಕೆಯ ವಿಷಯವಲ್ಲ. ಸೋಮಾರಿ ಎಂದು ಹೊಡೆದರೆ ಯಾವ ಮಗುವೂ ಓದು ಕಲಿಯುವುದಿಲ್ಲ.

ಐದೂ ಸ್ವರಗಳ ಕುಟುಂಬಗಳು ಮುಗಿಯಲು ಐದಾರು ತಿಂಗಳು ಹಿಡಿದರೂ ಅವಸರ ಮಾಡಬೇಡಿ. ಅನಂತರ ಬರುವುದು ಪದದ ಕೊನೆಯಲ್ಲಿ ಸದ್ದಿಲ್ಲದೆ ಕುಳಿತು ನಡುವಿನ ಸ್ವರವನ್ನು ದೀರ್ಘ ಮಾಡುವ ‘ಇ’ ಅಕ್ಷರ. ಅದು ಬಂದು ಸೇರಿದರೆ ಕ್ಯಾಪ್ ಕೇಪ್ ಆಗುತ್ತದೆ, ಕಿಟ್ ಕೈಟ್ ಆಗುತ್ತದೆ. ಅದರ ಬಗ್ಗೆ ಮುಂದಿನ ತಿಂಗಳು, ಇನ್‌ಶಾ ಅಲ್ಲಾಹ್. ಅಷ್ಟರಲ್ಲಿ ಮನೆಯಲ್ಲಿರುವ ಹಳೆಯ ಆಮಂತ್ರಣ ಪತ್ರಗಳನ್ನು ಒಟ್ಟುಮಾಡಿ ಇಡಿ.